ಊರಿನ ಬೊಕ್ಕಸ: ಪುಲಿಗೆರೆಯ ಶಾಸನದಿಂದ ಇಂದಿನ ನಗರಪರಿಷತ್ತಿನವರೆಗೆ

ಆರನೆಯ ಇಯತ್ತೆಯ ಮಕ್ಕಳಿಗೆ ಸ್ಥಳೀಯ ಸ್ವರಾಜ್ಯದ ಪಾಠವನ್ನು ಹೇಳುತ್ತಿದ್ದಾಗ ಒಮ್ಮೆ ನಾವು ಒಂದು ಸರಳವಾದ ಪ್ರಶ್ನೆಯನ್ನು ಕೇಳಿದೆವು: “ಬೀದಿಯ ದೀಪಕ್ಕೆ ಹಣ ಎಲ್ಲಿಂದ ಬರುತ್ತದೆ?” ಹತ್ತಾರು ಕೈಗಳು ಮೇಲೆದ್ದವು. “ಸರಕಾರ ಕೊಡತದರಿ ಸರ್” ಎಂದು ಎಲ್ಲರೂ ಒಂದೇ ಸ್ವರದಿಂದ ನುಡಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗನು ಮಾತ್ರ ಎದ್ದು ನಿಂತು, “ನಮ್ಮ ಮನಿಗಿ ಪಟ್ಟಿ ಚೀಟಿ ಬರತದರಿ. ಮರಾಠಿಯೊಳಗ ಇರತದ. ನಮ್ಮ ಅಜ್ಜಗ ಓದಾಕ ಬರಂಗಿಲ್ಲ. ಎಷ್ಟ ಆಗ್ಯದ ಅಂತ ಕೇಳಿ ತುಂಬಿ ಬರತಾನ” ಎಂದನು. ಯಾವುದಕ್ಕಾಗಿ ತುಂಬುತ್ತಾನೆಂದು ಕೇಳಿದರೆ, “ಅದೇನ ಗೊತ್ತಿಲ್ಲರಿ” ಎಂದು ತಲೆ ತಗ್ಗಿಸಿದನು.

ಮಕ್ಕಳ ಈ ಎರಡು ಉತ್ತರಗಳೂ ಅರ್ಧ ನಿಜ. ಊರಿನ ಹಣದಲ್ಲಿ ಸ್ವಲ್ಪ ಭಾಗವನ್ನು ಸರಕಾರ ಕೊಡುತ್ತದೆ. ಸ್ವಲ್ಪ ಭಾಗವನ್ನು ಊರಿನವರೇ ಕೊಡುತ್ತಾರೆ. ಆದರೆ ಕೊಡುವವನು ಏತಕ್ಕಾಗಿ ಕೊಡುತ್ತೇನೆಂಬುದನ್ನು ತಿಳಿದು ಕೊಡುತ್ತಾನೋ, ತಿಳಿಯದೆ ಕೊಡುತ್ತಾನೋ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಊರಿನ ಆಯವ್ಯಯದ ಇತಿಹಾಸವನ್ನು ಬಿಡಿಸಿ ನೋಡಿದರೆ ಆ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೂ ತಿರುಗುತ್ತಿರುವುದು ಕಂಡುಬರುತ್ತದೆ. ಕನ್ನಡ ಶಾಲೆಯ ಶಿಕ್ಷಕ ಬಂಧುಗಳಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಮೊದಲು ಆಯವ್ಯಯ ಅಥವಾ ಅಂದಾಜುಪತ್ರಕವೆಂದರೆ ಏನೆಂಬುದನ್ನು ನೋಡೋಣ. ‘ಬಜೆಟ್’ ಎಂಬ ಶಬ್ದವು ತೊಗಲಿನ ಚೀಲವೆಂಬ ಅರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಹುಟ್ಟಿ ಇಂಗ್ಲಂಡಕ್ಕೆ ಹೋಯಿತು. ಅಲ್ಲಿಂದ ಅದು ನಮ್ಮ ದೇಶಕ್ಕೆ ಬಂದಿತು. ೧೮೬೦ರಲ್ಲಿ ಜೇಮ್ಸ್ ವಿಲ್ಸನ್ ಎಂಬವನು ಭಾರತ ಸರಕಾರದ ಮೊದಲನೆಯ ಅಂದಾಜುಪತ್ರಕವನ್ನು ಮಂಡಿಸಿದನು. ಬರಲಿರುವ ವರ್ಷದಲ್ಲಿ ಎಷ್ಟು ಹಣ ಬಂದೀತು, ಅದನ್ನು ಯಾವ ಯಾವ ಕೆಲಸಕ್ಕೆ ಎಷ್ಟೆಷ್ಟು ವೆಚ್ಚ ಮಾಡಬೇಕು ಎಂದು ಮೊದಲೇ ಬರೆದಿಡುವ ಪತ್ರವೇ ಇದು. ಹಿಂದಿನ ವರ್ಷದ ಶಿಲ್ಕು, ಈ ವರ್ಷದ ಜಮಾ, ಈ ವರ್ಷದ ಖರ್ಚು, ಕೊನೆಯ ಶಿಲ್ಕು—ಇಷ್ಟೇ ಅದರ ಅಸ್ಥಿಪಂಜರ. ನಮ್ಮ ಮನೆಯ ಜಮಾಖರ್ಚಿಗೂ ಇದಕ್ಕೂ ಒಂದು ಮುಖ್ಯ ಭೇದವಿದೆ. ಸಂಸಾರಿಯು ಕೈಗೆ ಬರುವ ಹಣವನ್ನು ನೋಡಿ ಖರ್ಚನ್ನು ನಿಶ್ಚಯಿಸುತ್ತಾನೆ. ಊರು ಹಾಗಲ್ಲ. ಊರಿಗೆ ಕರ ಹಾಕುವ ಅಧಿಕಾರವಿರುವದರಿಂದ, ತನಗೆ ಏನೇನು ಬೇಕೆಂಬುದನ್ನು ಎಣಿಸಿ, ಅದಕ್ಕಾಗಿ ತನ್ನವರಿಂದ ಎಷ್ಟು ಎತ್ತಬೇಕೆಂಬುದನ್ನೂ ಕಾಯಿದೆಯ ಮೇರೆಯೊಳಗೆ ನಿಶ್ಚಯಿಸಬಲ್ಲದು. ಆದುದರಿಂದಲೇ ಊರಿನ ಆಯವ್ಯಯವು ಬರಿಯ ಅಂಕಗಣಿತದ ಲೆಕ್ಕವಲ್ಲ. ಯಾರು ಎಷ್ಟು ಕೊಡಬೇಕು, ಯಾರಿಗೆ ಮೊದಲು ಸಿಗಬೇಕು ಎಂಬ ನ್ಯಾಯದ ವಿಚಾರವೂ ಅದರಲ್ಲಿ ಅಡಗಿದೆ.

ಇಂಥ ವಿಚಾರವು ಆಂಗ್ಲರೊಡನೆ ಬಂದುದೆಂದು ತಿಳಿಯುವುದು ತಪ್ಪು. ಕನ್ನಡನಾಡಿನ ಪುಲಿಗೆರೆಯೆಂಬ ಪಟ್ಟಣವೇ ಇದಕ್ಕೆ ಸಾಕ್ಷಿ. ಪುಲಿಗೆರೆಯೆಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಸಂಸ್ಥಾನಗಳು ವಿಲೀನವಾಗುವವರೆಗೆ ಅದು ಮಿರಜದ ಪಟವರ್ಧನರ ಆಳಿಕೆಯಲ್ಲಿದ್ದುದರಿಂದ, ಸಾಂಗಲಿ ಜಿಲ್ಲೆಯವರಾದ ನಮಗೆ ಅದು ತೀರ ಪರಕೀಯವಾದ ಊರೇನೂ ಅಲ್ಲ. ಅಲ್ಲಿ ದೊರೆತ ಒಂದು ಕಂಬದ ಶಾಸನವು ಕ್ರಿ. ಶ. ೭೨೫ರ ಸುಮಾರಿನದು. ಬಾದಾಮಿಯ ಚಾಲುಕ್ಯರ ಯುವರಾಜನಾದ ವಿಕ್ರಮಾದಿತ್ಯನು—ಮುಂದೆ ಎರಡನೆಯ ವಿಕ್ರಮಾದಿತ್ಯನೆಂದು ಪ್ರಸಿದ್ಧನಾದವನು—ಆ ಊರಿನ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ, ಎಂದರೆ ನಾನಾ ಸಮುದಾಯಗಳ ಪ್ರಜೆಗಳಿಗೂ, ಮಾಡಿಕೊಟ್ಟ ಆಚಾರವ್ಯವಸ್ಥೆ ಅದರಲ್ಲಿದೆ. ಅರಸನ ಅಧಿಕಾರಿಗಳು ಊರಿನವರ ಯಾವ ಯಾವ ಹಕ್ಕುಗಳನ್ನು ಕಾಪಾಡಬೇಕು, ಊರಿನವರು ಏನನ್ನು ಸಲ್ಲಿಸಬೇಕು ಎಂಬ ಎರಡೂ ಸಂಗತಿಗಳನ್ನು ಒಂದೇ ಕಲ್ಲಿನ ಮೇಲೆ ಕೊರೆಯಿಸಲಾಗಿದೆ. ಹೀಗೆ ಕಟ್ಟಳೆಯು ಕೊಡುವವನನ್ನೂ ಪಡೆಯುವವನನ್ನೂ ಸಮಾನವಾಗಿ ಬಂಧಿಸಿತು.

ಆ ಶಾಸನದಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು ಮನೆಗಳ ಮೇಲಿನ ತೆರಿಗೆಯ ಕ್ರಮ. ಒಕ್ಕಲುಗಳನ್ನು ಅವುಗಳ ಸ್ಥಿತಿಗತಿಗನುಸಾರವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸಿ, ಮೇಲಿನವರು ವರ್ಷಕ್ಕೆ ಹತ್ತು ಪಣ, ನಡುವಿನವರು ಏಳು ಪಣ, ಅದಕ್ಕೂ ಕೆಳಗಿನವರು ಐದು ಪಣ, ತೀರ ಕೆಳಗಿನವರು ಮೂರು ಪಣ ಕೊಡಬೇಕೆಂದು ಗೊತ್ತುಮಾಡಲಾಗಿದೆ. ಅಪರಾಧಗಳಿಗೆ ವಿಧಿಸಿದ ದಂಡದ ಹಣವೂ ಉತ್ಪನ್ನದ ಬಾಬುಗಳಲ್ಲಿ ಸೇರಿದೆ. ಇಂದಿಗೆ ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದೆ, ಉಳ್ಳವನು ಹೆಚ್ಚು ಕೊಡಬೇಕು, ಇಲ್ಲದವನು ಕಡಿಮೆ ಕೊಡಬೇಕೆಂಬ ತತ್ತ್ವವನ್ನು ಕನ್ನಡದಲ್ಲಿ ಕಲ್ಲಿನ ಮೇಲೆ ಬರೆದು ಎಲ್ಲರ ಎದುರಿಗೆ ನಿಲ್ಲಿಸಿದರೆಂಬುದು ಹೆಮ್ಮೆಪಡತಕ್ಕ ವಿಷಯ. ಅಂದು ಎಲ್ಲರಿಗೂ ಓದು ಬರುತ್ತಿತ್ತೆಂದು ನಾವು ಹೇಳಲಾರೆವು. ಆದರೆ ಓದಿಸಿ ಕೇಳಿದವನಿಗೆ ತಿಳಿಯುವ ಭಾಷೆಯಲ್ಲಿ ಅದು ಇದ್ದಿತೆಂಬುದು ಮಾತ್ರ ಸತ್ಯ.

ಎರಡನೆಯ ನಿದರ್ಶನವು ನಮ್ಮ ನೆರೆಯ ವಿಜಯಪುರ ಜಿಲ್ಲೆಯದು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. ೯೪೫ರ ಶಾಸನವೊಂದಿದೆ. ಅರಸನ ಮಂತ್ರಿಯಾದ ನಾರಾಯಣನೆಂಬವನು ಅಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಕಲಿಯುತ್ತಿದ್ದರು. ಶಾಲೆಯ ನಿರ್ವಾಹಕ್ಕೆ ಭೂಮಿಯ ದತ್ತಿ ಇದ್ದೇ ಇತ್ತು. ದೀಪದ ಎಣ್ಣೆಗೆ ಬೇರೆ ಭೂಮಿ, ಗುರುವಿನ ಜೀವನಕ್ಕೆ ಬೇರೆ ಭೂಮಿ ಎಂದು ಪ್ರತ್ಯೇಕವಾಗಿ ತೆಗೆದಿರಿಸಿದ್ದರು. ಅಷ್ಟಕ್ಕೇ ತೃಪ್ತರಾಗದೆ ಊರಿನವರು ತಾವಾಗಿಯೇ ಒಂದು ವಂತಿಗೆಯನ್ನು ಗೊತ್ತುಮಾಡಿಕೊಂಡರು. ಮನೆಯಲ್ಲಿ ಮದುವೆಯಾದರೆ ಐದು, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯಗಳನ್ನು ಶಾಲೆಗೆ ಸಲ್ಲಿಸಬೇಕೆಂಬುದೇ ಆ ವಂತಿಗೆ. ಪ್ರತಿಯೊಂದು ಮೊತ್ತವೂ ಹಿಂದಿನದರ ಸರಿಯಾಗಿ ಅರ್ಧವಾಗಿದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮನೆಯಲ್ಲಿ ಶುಭಕಾರ್ಯ ನಡೆದಾಗ ಕೈ ಸಡಿಲಾಗಿರುತ್ತದೆ. ಆಗ ಕೊಡುವುದು ಭಾರವೆನಿಸದು. ಕರವನ್ನು ಯಾವ ಹೊತ್ತಿನಲ್ಲಿ ಕೇಳಬೇಕೆಂಬ ಲೋಕಜ್ಞಾನವು ಆ ಹಿರಿಯರಿಗಿದ್ದಿತು. ಆ ಶಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲವೆಂಬ ಮಾತನ್ನೂ ಇಲ್ಲಿ ಮುಚ್ಚಿಡಬಾರದು. ನಾವು ಆ ಕಾಲದಿಂದ ಕಲಿಯಬೇಕಾದುದು ಹಣವನ್ನು ಗೊತ್ತುಪಡಿಸಿದ ಬಗೆಯನ್ನೇ ಹೊರತು ಬಾಗಿಲು ಮುಚ್ಚಿದ ರೀತಿಯನ್ನಲ್ಲ.

ಕೆರೆಗಳ ವಿಷಯದಲ್ಲಿಯೂ ಇದೇ ಪದ್ಧತಿ ಇದ್ದಿತು. ಕೆರೆಯನ್ನು ಕಟ್ಟಿಸಿ ಕೈ ತೊಳೆದುಕೊಳ್ಳದೆ, ಅದರ ಹೂಳೆತ್ತುವುದಕ್ಕೂ ಏರಿಯ ದುರಸ್ತಿಗೂ ‘ಬಿತ್ತುವಟ’ವೆಂಬ ಭೂಮಿಯನ್ನು ಬಿಡುತ್ತಿದ್ದರೆಂದು ಅನೇಕ ಶಾಸನಗಳು ಹೇಳುತ್ತವೆ. ಸಂತೆಗೆ ಬರುವ ಹೇರುಗಳ ಮೇಲೆ ಸುಂಕವಿದ್ದಿತು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ಪರಿಚಿತವಾಗಿವೆ. ಎಲೆ, ಅಡಕೆ, ಎಣ್ಣೆ, ಧಾನ್ಯಗಳ ಮೇಲಿನ ಸುಂಕದ ಒಂದು ಭಾಗವನ್ನು ಗುಡಿಯ ದೀಪಕ್ಕೋ ಅನ್ನಸತ್ರಕ್ಕೋ ಬಿಟ್ಟುಕೊಡುತ್ತಿದ್ದರು. ಕೆಲಸವೂ ಅದಕ್ಕೆ ಬೇಕಾದ ಹಣದ ಮೂಲವೂ ಹೀಗೆ ಜೊತೆಜೊತೆಯಾಗಿ ಇರುತ್ತಿದ್ದವು.

ಈ ಜೋಡಣೆ ತಪ್ಪಿದರೆ ಏನಾಗುವುದೆಂಬುದಕ್ಕೆ ವಿಜಾಪುರವೇ ಕನ್ನಡಿಯಾಗಿದೆ. ಆದಿಲಶಾಹಿಗಳು ಆ ನಗರಕ್ಕೆ ತೊರವಿಯಿಂದ ನೆಲದೊಳಗಿನ ಕಾಲುವೆಯ ಮೂಲಕ ನೀರನ್ನು ತಂದರು. ೧೬೫೧ರಲ್ಲಿ ಮಹಮ್ಮದ ಆದಿಲಶಹನು ಬೇಗಂ ತಲಾಬವನ್ನು ಕಟ್ಟಿಸಿ ಮಣ್ಣಿನ ಕೊಳವೆಗಳಿಂದ ಊರೊಳಗೆ ನೀರು ಹರಿಸಿದನು. ಗಂಜುಗಳೆಂಬ ನೀರಿನ ಗೋಪುರಗಳನ್ನು ಇಂದಿಗೂ ಅಲ್ಲಲ್ಲಿ ಕಾಣಬಹುದು. ಆ ಕಾಲದ ಜಲವಿದ್ಯೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಅದೆಲ್ಲವೂ ದರ್ಬಾರಿನ ಬೊಕ್ಕಸದಿಂದ ನಡೆಯುತ್ತಿದ್ದ ವೈಭವವಾಗಿತ್ತು. ೧೬೮೬ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದನು. ದರ್ಬಾರು ಅಳಿಯಿತು, ಜನರು ಚದುರಿದರು. ಕೊಳವೆಗಳ ಹೂಳನ್ನು ತೆಗೆಯಿಸುವ ಹೊಣೆ ಹೊತ್ತವರು ಯಾರೂ ಉಳಿಯದೆ ಆ ವ್ಯವಸ್ಥೆಯು ಕ್ರಮವಾಗಿ ಜೀರ್ಣವಾಯಿತು. ಒಬ್ಬ ದೊರೆಯ ಔದಾರ್ಯದಿಂದ ಕೆರೆಯನ್ನು ಕಟ್ಟಿಸಬಹುದು. ಅದನ್ನು ವರ್ಷವರ್ಷವೂ ಉಳಿಸಿಕೊಳ್ಳುವುದಕ್ಕೆ ಊರಿನದೇ ಆದ ವಾರ್ಷಿಕ ಉತ್ಪನ್ನ ಬೇಕಾಗುತ್ತದೆ.

ಇನ್ನು ನಮ್ಮ ಜತ್ತದ ಕಡೆಗೆ ಬರೋಣ. ಡಫಳೆ ಮನೆತನದ ದೇಶಮುಖರು ಆಳಿದ ಈ ಸಂಸ್ಥಾನವು ಆಂಗ್ಲರ ಕಾಲದಲ್ಲಿ ವಿಜಾಪುರದ ಕಲೆಕ್ಟರನ ಮೇಲ್ವಿಚಾರಣೆಗೆ ಒಳಪಟ್ಟಿದ್ದಿತು. ೧೯೦೧ರ ಜನಗಣತಿಯಲ್ಲಿ ಡಫಳಾಪುರವನ್ನೂ ಕೂಡಿಸಿ ಸಂಸ್ಥಾನದ ಜನಸಂಖ್ಯೆ ೬೮,೬೬೫. ಜತ್ತ ಪಟ್ಟಣದ್ದು ೫,೪೦೪. ಬರಗಾಲಗಳನ್ನು ಕಂಡ ಆ ಹತ್ತು ವರ್ಷಗಳಲ್ಲಿ ಸಂಸ್ಥಾನದ ಜನಸಂಖ್ಯೆ ನೂರಕ್ಕೆ ಹದಿನಾಲ್ಕರಷ್ಟು ಇಳಿದಿತ್ತು. ಆಗಿನ ವಾರ್ಷಿಕ ಉತ್ಪನ್ನವು ಸುಮಾರು ೨೪,೦೦೦ ಪೌಂಡು ಎಂದು ಅಂದಾಜು ಮಾಡಿದ್ದರು. ಆ ದಿನಗಳಲ್ಲಿ ಒಂದು ಪೌಂಡಿಗೆ ಹದಿನೈದು ರೂಪಾಯಿ; ಆದ್ದರಿಂದ ಉತ್ಪನ್ನವು ೩,೬೦,೦೦೦ ರೂಪಾಯಿ. ತಲೆಗೆ ಎಷ್ಟಾಯಿತೆಂದು ವಿದ್ಯಾರ್ಥಿಗಳು ಭಾಗಿಸಿ ನೋಡಲಿ: ಐದೂಕಾಲು ರೂಪಾಯಿಯ ಸುಮಾರು ಬರುತ್ತದೆ. ಈ ಹಣವನ್ನು ಏನು ಮಾಡಬೇಕೆಂಬುದು ಸಂಸ್ಥಾನಾಧಿಪತಿಯ ಮತ್ತು ಅವನ ಮೇಲಿನವರ ವಿಚಾರವಾಗಿತ್ತು. ಬ್ರಿಟಿಷ್ ಪ್ರಾಂತದ ಪುರಸಭಾ ಕಾಯಿದೆಗಳು ಸಂಸ್ಥಾನಗಳಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಎಂದರೆ, ಪುಲಿಗೆರೆಯ ಒಕ್ಕಲಿಗೆ ಕಲ್ಲಿನ ಮೇಲೆ ಕಾಣುತ್ತಿದ್ದ ಕಟ್ಟಳೆಯಂಥದು ಜತ್ತದ ಒಕ್ಕಲಿಗೆ ಕಾಯಿದೆಯ ಹಕ್ಕಾಗಿ ದೊರೆತಿರಲಿಲ್ಲ.

ಬ್ರಿಟಿಷರ ನೇರ ಆಳಿಕೆಯ ಭಾಗದಲ್ಲಿ ಬೇರೆ ಬಗೆಯ ಪ್ರಯೋಗ ನಡೆದಿತ್ತು. ೧೮೫೦ರ ೨೬ನೆಯ ಕಾಯಿದೆಯು, ಊರಿನ ನಿವಾಸಿಗಳು ಬೇಡಿಕೊಂಡರೆ ಅಲ್ಲಿ ಪುರಸಭೆಯನ್ನು ಸ್ಥಾಪಿಸಬಹುದೆಂದು ಹೇಳಿತು. ಅದರ ಮೇರೆಗೆ ೧೮೫೧ರಲ್ಲಿ ಬೆಳಗಾವಿಯಲ್ಲಿ, ೧೮೫೫ರಲ್ಲಿ ಹುಬ್ಬಳ್ಳಿಯಲ್ಲಿ, ೧೮೫೬ರಲ್ಲಿ ಧಾರವಾಡದಲ್ಲಿ ಪುರಸಭೆಗಳು ಉದಯಿಸಿದವು. ಆದರೆ ಹಣವನ್ನು ಎತ್ತುವ ಪ್ರಶ್ನೆ ಬಂದಾಗ ಮನೆಯ ಮೇಲಿನ ಪಟ್ಟಿಯೆಂದರೆ ಜನರಿಗೆ ಬೇಸರ. ವರ್ಷಕ್ಕೊಮ್ಮೆ ಬಾಗಿಲಿಗೆ ಬಂದು ಕೇಳುವ ಕರವು ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಾಣುವ ಕರವು ಚುಚ್ಚುತ್ತದೆ. ಆದುದರಿಂದ ಮುಂಬಯಿ ಪ್ರಾಂತದ ಪುರಸಭೆಗಳು ಜಕಾತಿಯನ್ನು ಹೆಚ್ಚಾಗಿ ಆಶ್ರಯಿಸಿದವು. ಊರ ಬಾಗಿಲಲ್ಲಿ ನಾಕೆ, ನಾಕೆಯಲ್ಲಿ ಕಾರಕೂನ, ಧಾನ್ಯ, ಎಣ್ಣೆ, ತುಪ್ಪ, ಕಟ್ಟಿಗೆ, ಬಟ್ಟೆಗಳ ಗಾಡಿ ಬಂದರೆ ತಡೆದು ಸುಂಕವನ್ನು ತೆಗೆದುಕೊಳ್ಳುವುದು—ಇದು ಆ ಪದ್ಧತಿ. ಹಣ ದಿನದಿನವೂ ಬರುತ್ತಿತ್ತು. ಕೊಡುವವನಿಗೆ ತಾನು ಕೊಟ್ಟೆನೆಂಬುದೇ ತಿಳಿಯುತ್ತಿರಲಿಲ್ಲ, ಏಕೆಂದರೆ ಅದು ಅಂಗಡಿಯ ಬೆಲೆಯಲ್ಲಿ ಕರಗಿಹೋಗುತ್ತಿತ್ತು. ಇಲ್ಲಿಯೇ ಒಂದು ಅನ್ಯಾಯವೂ ಅಡಗಿತ್ತು. ಒಂದು ಸೇರು ಜೋಳಕ್ಕೆ ಸಾವಕಾರನು ಎಷ್ಟು ಜಕಾತಿ ತೆರುತ್ತಿದ್ದನೋ ಕೂಲಿಕಾರನೂ ಅಷ್ಟೇ ತೆರುತ್ತಿದ್ದನು. ಹತ್ತು ಪಣದ ಒಕ್ಕಲಿಗೂ ಮೂರು ಪಣದ ಒಕ್ಕಲಿಗೂ ಇದ್ದ ಭೇದವನ್ನು ಜಕಾತಿಯು ಅಳಿಸಿತು.

೧೮೮೨ರ ಮೇ ತಿಂಗಳಲ್ಲಿ ಲಾರ್ಡ್ ರಿಪನ್ನನ ಪ್ರಸಿದ್ಧವಾದ ಠರಾವು ಹೊರಟಿತು. ಸ್ಥಳೀಯ ಸ್ವರಾಜ್ಯವನ್ನು ಕೊಡುವುದರ ಮುಖ್ಯ ಉದ್ದೇಶವು ಕಾರಭಾರವನ್ನು ಉತ್ತಮಪಡಿಸುವುದಕ್ಕಿಂತ ಹೆಚ್ಚಾಗಿ ಜನರಿಗೆ ರಾಜಕೀಯ ಶಿಕ್ಷಣವನ್ನು ಕೊಡುವುದೇ ಆಗಿದೆಯೆಂಬ ಭಾವವನ್ನು ಅದರಲ್ಲಿ ವ್ಯಕ್ತಪಡಿಸಲಾಗಿತ್ತು. ಶಿಕ್ಷಕರಾದ ನಾವು ಈ ಮಾತನ್ನು ವಿಶೇಷವಾಗಿ ಲಕ್ಷಿಸಬೇಕು. ಪುರಸಭೆಯೂ ಒಂದು ಪಾಠಶಾಲೆಯೇ; ಅಲ್ಲಿಯ ಕ್ರಮಿಕ ಪುಸ್ತಕವೆಂದರೆ ಅಂದಾಜುಪತ್ರಕ. ಮುಂಬಯಿ ಪ್ರಾಂತದಲ್ಲಿ ೧೮೮೪, ೧೯೦೧ ಮತ್ತು ೧೯೨೫ರ ಕಾಯಿದೆಗಳು ಪುರಸಭೆಗಳ ರಚನೆಯನ್ನೂ ಅಧಿಕಾರಗಳನ್ನೂ ಹಂತಹಂತವಾಗಿ ತಿದ್ದುತ್ತ ಬಂದವು. ಸಂಸ್ಥಾನಗಳಲ್ಲಿಯೂ ಒಂದು ಅಪವಾದವನ್ನು ಇಲ್ಲಿ ನೆನೆಯಲೇಬೇಕು. ಆಟಪಾಡಿಯನ್ನು ಒಳಗೊಂಡಿದ್ದ ಔಂಧ ಸಂಸ್ಥಾನದ ಅಧಿಪತಿಯಾದ ಭವಾನರಾವ ಪಂತ ಪ್ರತಿನಿಧಿಯವರು ೧೯೩೯ರಲ್ಲಿ, ಗಾಂಧೀಜಿಯವರ ಸಲಹೆಯನ್ನು ಪಡೆದು, ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವ ಸ್ವರಾಜ್ಯದ ಘಟನೆಯನ್ನು ಜಾರಿಗೆ ತಂದರು. ಹಳ್ಳಿಯ ಕಾರಭಾರವನ್ನು ಹಳ್ಳಿಯವರು ಆರಿಸಿದ ಪಂಚಾಯತಿಯೇ ನೋಡತೊಡಗಿತು.

ಸ್ವಾತಂತ್ರ್ಯ ಬಂದಿತು. ೧೯೪೮ರ ಮಾರ್ಚಿನಲ್ಲಿ ಜತ್ತ ಸಂಸ್ಥಾನವು ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಜತ್ತ ತಾಲೂಕು ೧೯೪೯ರಲ್ಲಿ ನಿರ್ಮಾಣವಾದ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ ೧೯೬೦ರಲ್ಲಿ ಸಾಂಗಲಿಯೆಂಬ ಹೆಸರು ಬಂದಿತು. ಮಹಾರಾಷ್ಟ್ರದ ನಗರಪರಿಷತ್ತುಗಳಿಗೆಲ್ಲ ಒಂದೇ ಬಗೆಯ ಕಾಯಿದೆ ೧೯೬೫ರಲ್ಲಿ ದೊರೆಯಿತು. ಜಕಾತಿಯು ಕೆಲ ಕಾಲ ಮುಂದುವರಿಯಿತು. ಕರ್ನಾಟಕವು ೧೯೭೯ರಲ್ಲಿಯೇ ಅದನ್ನು ತೆಗೆದುಹಾಕಿತು. ಮಹಾರಾಷ್ಟ್ರದ ನಗರಪರಿಷತ್ತುಗಳಲ್ಲಿ ಅದು ೧೯೯೯ರಲ್ಲಿ ರದ್ದಾಯಿತು. ನಾಕೆಗಳಲ್ಲಿ ಗಾಡಿಗಳು ಗಂಟೆಗಟ್ಟಲೆ ಕಾಯುವುದು ತಪ್ಪಿತೆಂದು ವ್ಯಾಪಾರಿಗಳು ಸಂತೋಷಪಟ್ಟರು, ಅದು ಸಹಜ. ಆದರೆ ಊರಿನ ಕೈಯಲ್ಲಿದ್ದ ದೊಡ್ಡ ಉತ್ಪನ್ನವೊಂದು ಹೋಗಿ, ಅದರ ಬದಲಿಗೆ ರಾಜ್ಯ ಸರಕಾರದ ಅನುದಾನ ಬರತೊಡಗಿತು. ಅಂದಿನಿಂದ ಚಿಕ್ಕ ಊರುಗಳ ಕಣ್ಣು ರಾಜಧಾನಿಯ ಕಡೆಗೆ ತಿರುಗಿತು. “ಸರಕಾರ ಕೊಡತದರಿ” ಎಂದ ನಮ್ಮ ಮಕ್ಕಳ ಉತ್ತರಕ್ಕೆ ಮೂಲವು ಇಲ್ಲಿದೆ.

ಸಂವಿಧಾನದ ೭೪ನೆಯ ತಿದ್ದುಪಡಿಯು ೧೯೯೩ರ ಜೂನ್ ೧ರಿಂದ ಜಾರಿಗೆ ಬಂದು, ನೀರು, ನೈರ್ಮಲ್ಯ, ರಸ್ತೆ, ದೀಪ ಮೊದಲಾದ ಹದಿನೆಂಟು ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿಮಾಡಿತು. ಐದು ವರ್ಷಗಳಿಗೊಮ್ಮೆ ರಾಜ್ಯ ಹಣಕಾಸು ಆಯೋಗವನ್ನು ನೇಮಿಸಬೇಕೆಂದೂ ವಿಧಿಸಿತು. ಕೆಲಸದ ಪಟ್ಟಿಯು ಉದ್ದವಾಯಿತು. ಸ್ವಂತ ಹಣದ ಮೂಲಗಳು ಅಷ್ಟು ಬೆಳೆಯಲಿಲ್ಲ. ಕೇಂದ್ರದ ಅನುದಾನವೂ ಪೂರ್ಣವಾಗಿ ಊರಿನ ಇಚ್ಛೆಗೆ ಬಿಟ್ಟುದಲ್ಲ. ಹದಿನೈದನೆಯ ಹಣಕಾಸು ಆಯೋಗವು ೨೦೨೧ರಿಂದ ೨೦೨೬ರವರೆಗಿನ ಅವಧಿಗೆ ಚಿಕ್ಕ ಮತ್ತು ಮಧ್ಯಮ ಊರುಗಳಿಗೆ ಕೊಡಮಾಡಿದ ಅನುದಾನದಲ್ಲಿ ನೂರಕ್ಕೆ ಅರವತ್ತರಷ್ಟು ಭಾಗವು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಾಗಿತ್ತು. ಉಳಿದ ನಲವತ್ತು ಮಾತ್ರ ಊರು ತನ್ನ ಅವಶ್ಯಕತೆಯಂತೆ ವೆಚ್ಚ ಮಾಡತಕ್ಕದ್ದು. ನೀರಿನ ಕಷ್ಟವನ್ನು ಬಲ್ಲ ಜತ್ತ ತಾಲೂಕಿನವರು ಈ ಮೀಸಲನ್ನು ಹಳಿಯಲಾರರು. ಆದರೂ ತನ್ನ ಹಣವಿಲ್ಲದ ಊರು ತನ್ನ ಮನಸ್ಸಿನಂತೆ ನಡೆಯಲಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಯೋಚಿಸಬೇಕು. ಬಹುಕಾಲ ಗ್ರಾಮಪಂಚಾಯತಿಯಾಗಿದ್ದ ಜತ್ತ ಪಟ್ಟಣವು ಈ ಶತಮಾನದಲ್ಲಿ ನಗರಪರಿಷತ್ತಾಯಿತು. ಊರಿಗೆ ಇದು ಬಡತಿ ಎಂದೇ ಎಲ್ಲರೂ ಎಣಿಸುತ್ತಾರೆ. ಆದರೆ ಗ್ರಾಮಪಂಚಾಯತಿಯಲ್ಲಿ ಗ್ರಾಮಸಭೆಯೆಂಬುದೊಂದಿದೆ. ಮತದಾರರ ಯಾದಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬನೂ ಅಲ್ಲಿ ಎದ್ದು ನಿಂತು ಜಮಾಖರ್ಚಿನ ವಿಷಯವಾಗಿ ಕೇಳಬಹುದು. ನಗರಪರಿಷತ್ತಾದೊಡನೆ ಆ ಗ್ರಾಮಸಭೆ ಹೋಗುತ್ತದೆ. ಆ ಮಾತಾಡುವ ಅಧಿಕಾರವು ಆರಿಸಿಬಂದ ನಗರಸೇವಕರ ಪಾಲಿಗೆ ಬರುತ್ತದೆ. ವಾರ್ಡ್ ಸಮಿತಿಗಳನ್ನಾದರೂ ಸಂವಿಧಾನವು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ ಕಡ್ಡಾಯ ಮಾಡಿದೆ. ಹೀಗಾಗಿ ಹಳ್ಳಿಯೂ ಅಲ್ಲದ, ಮಹಾನಗರವೂ ಅಲ್ಲದ ಚಿಕ್ಕ ಪಟ್ಟಣದ ನಾಗರಿಕನೇ ತನ್ನ ಊರಿನ ಲೆಕ್ಕದಿಂದ ಎಲ್ಲರಿಗಿಂತ ದೂರ ಉಳಿಯುವ ಸಂಭವವಿದೆ.

ಈಗಿನ ಪದ್ಧತಿ ಹೀಗಿದೆ. ಆರ್ಥಿಕ ವರ್ಷವು ಏಪ್ರಿಲ್ ೧ಕ್ಕೆ ಆರಂಭವಾಗಿ ಮಾರ್ಚ್ ೩೧ಕ್ಕೆ ಮು���ಿಯುತ್ತದೆ. ಚಳಿಗಾಲದಲ್ಲಿಯೇ ಪ್ರತಿಯೊಂದು ವಿಭಾಗದವರು ತಮತಮಗೆ ಬೇಕಾದುದನ್ನು ಬರೆದುಕೊಡುತ್ತಾರೆ. ಮುಖ್ಯಾಧಿಕಾರಿಯು ಅವನ್ನೆಲ್ಲ ಕೂಡಿಸಿ ಅಂದಾಜುಪತ್ರಕವನ್ನು ಸಿದ್ಧಪಡಿಸುತ್ತಾನೆ. ಸ್ಥಾಯೀ ಸಮಿತಿಯು ಅದನ್ನು ಪರಿಶೀಲಿಸಿದ ಮೇಲೆ ಸರ್ವಸಾಧಾರಣ ಸಭೆಯು ಮಂಜೂರು ಮಾಡುತ್ತದೆ. ಜಮೆಯ ಬದಿಯಲ್ಲಿ ಮನೆಪಟ್ಟಿ, ನೀರಪಟ್ಟಿ, ಅಂಗಡಿಕಟ್ಟೆಗಳ ಬಾಡಿಗೆ, ಸಂತೆಯ ಶುಲ್ಕ, ಕಟ್ಟಡದ ಪರವಾನಿಗೆಯ ಶುಲ್ಕ, ಅನುದಾನಗಳು. ಖರ್ಚಿನ ಬದಿಯಲ್ಲಿ ನೌಕರರ ಸಂಬಳ, ನೀರು, ಚರಂಡಿ, ಕಸ, ದೀಪ, ರಸ್ತೆ. ಸಂಬಳವನ್ನೂ ವಿದ್ಯುತ್ತಿನ ಬಿಲ್ಲನ್ನೂ ತಪ್ಪಿಸುವಂತಿಲ್ಲ. ಹಣ ಸಾಲದಾದಾಗ ಹಿಂದೆ ಬೀಳುವುದು ದುರಸ್ತಿಯ ಕೆಲಸವೇ. ವಿಜಾಪುರದ ಕೊಳವೆಗಳ ಪಾಠವು ಇಲ್ಲಿಯೂ ಸಲ್ಲುತ್ತದೆ.

ಮನೆಪಟ್ಟಿಯ ಲೆಕ್ಕವನ್ನು ವಿದ್ಯಾರ್ಥಿಗಳು ಹಲಗೆಯ ಮೇಲೆ ಮಾಡಬಹುದು. ಬಾಡಿಗೆಯ ಮೌಲ್ಯವನ್ನು ಹಿಡಿಯುವ ಪದ್ಧತಿಯಲ್ಲಿ, ಒಂದು ಮನೆಗೆ ತಿಂಗಳಿಗೆ ೧,೦೦೦ ರೂಪಾಯಿ ಬಾಡಿಗೆ ಬಂದೀತೆಂದು ಇಟ್ಟುಕೊಂಡರೆ ವರ್ಷಕ್ಕೆ ೧೨,೦೦೦. ದುರಸ್ತಿಗಾಗಿ ನೂರಕ್ಕೆ ಹತ್ತರಂತೆ ಕಳೆದರೆ ಉಳಿಯುವುದು ೧೦,೮೦೦. ಲೆಕ್ಕದ ಸಲುವಾಗಿ ಕರದ ದರವನ್ನು ನೂರಕ್ಕೆ ಇಪ್ಪತ್ತೈದೆಂದು ಹಿಡಿದರೆ ಪಟ್ಟಿಯು ೨,೭೦೦ ರೂಪಾಯಿ. ದಿನಕ್ಕೆ ಏಳೂವರೆ ರೂಪಾಯಿಗಿಂತ ತುಸು ಕಡಿಮೆ. ಇಷ್ಟು ಕೊಟ್ಟು ನಾವು ನೀರು, ದೀಪ, ಕಸ ತೆಗೆಯುವವನ ಸೇವೆ ಇವನ್ನು ಕೇಳುತ್ತೇವೆ. ದೊಡ್ಡ ಮನೆಗೆ ದೊಡ್ಡ ಪಟ್ಟಿ, ಗುಡಿಸಲಿಗೆ ಚಿಕ್ಕ ಪಟ್ಟಿ. ಪುಲಿಗೆರೆಯ ನಾಲ್ಕು ತರಗತಿಗಳ ನ್ಯಾಯವೇ ಇಲ್ಲಿ ಮತ್ತೆ ಬಂದಿದೆ. ಜಕಾತಿ ಹೋದುದರಿಂದ ಆದ ಒಂದು ಒಳ್ಳೆಯದೆಂದರೆ, ಕಣ್ಣಿಗೆ ಕಾಣುವ ಕರವು ಮತ್ತೆ ಮುಂದಕ್ಕೆ ಬಂದುದು. ಕಾಣುವ ಕರವು ಚುಚ್ಚುತ್ತದೆಂದು ಮೇಲೆ ಹೇಳಿದೆವು. ಚುಚ್ಚುವುದರಿಂದಲೇ ಅದು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಕರ ಆಕಾರಣೆಯ ಯಾದಿಯನ್ನು ಪ್ರಕಟಿಸಿ, ತಕರಾರುಗಳನ್ನು ಸಲ್ಲಿಸಲು ಜನರಿಗೆ ಅವಧಿಯನ್ನು ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ.

ಆದರೆ ಪ್ರಶ್ನೆಯನ್ನು ಕೇಳುವುದಕ್ಕೆ ಸಭೆಯಿರಬೇಕು. ಮೀಸಲಾತಿಯ ವ್ಯಾಜ್ಯದಿಂದ ಸ್ಥಳೀಯ ಚುನಾವಣೆಗಳು ಮುಂದೂಡಲ್ಪಟ್ಟು, ಮಹಾರಾಷ್ಟ್ರದ ಅನೇಕ ನಗರಪರಿಷತ್ತುಗಳು ೨೦೨೫ರ ಡಿಸೆಂಬರಿನ ಚುನಾವಣೆಯವರೆಗೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಆ ವರ್ಷಗಳಲ್ಲಿ ಆಯವ್ಯಯಗಳು ತಪ್ಪದೆ ಮಂಜೂರಾದವು. ಅವುಗಳ ಮೇಲೆ ಮಾತಾಡುವ ಪ್ರತಿನಿಧಿಗಳು ಮಾತ್ರ ಇರಲಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನಗಳೂ ಇವೆ. ಬ್ರಾಝಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ ೧೯೮೯ರಲ್ಲಿ ನಾಗರಿಕರು ಓಣಿಓಣಿಗಳಲ್ಲಿ ಸಭೆ ಸೇರಿ, ಹೊಸ ಕೆಲಸಗಳಲ್ಲಿ ಯಾವುದು ಮೊದಲು ಆಗಬೇಕೆಂಬುದನ್ನು ತಾವೇ ನಿರ್ಣಯಿಸುವ ಪದ್ಧತಿ ಆರಂಭವಾಯಿತು. ನಮ್ಮ ರಾಜ್ಯದ ಪುಣೆ ಮಹಾನಗರಪಾಲಿಕೆಯೂ ೨೦೦೬ರಲ್ಲಿ ನಾಗರಿಕರಿಂದ ಸೂಚನೆಗಳನ್ನು ಬರೆಯಿಸಿಕೊಂಡು ಆಯವ್ಯಯದಲ್ಲಿ ಸೇರಿಸುವ ಕ್ರಮವನ್ನು ಕೈಕೊಂಡಿತು.

ಕೊನೆಗೆ ಭಾಷೆಯ ಮಾತು. ಮಹಾರಾಷ್ಟ್ರದ ರಾಜ್ಯಭಾಷೆ ಮರಾಠಿ. ಕಚೇರಿಯ ಕಾಗದಪತ್ರಗಳು ಮರಾಠಿಯಲ್ಲಿರುವುದು ಸಹಜವೇ. ನಮಗೆ ಆ ಭಾಷೆಯ ಮೇಲೆ ಅನಾದರವಿಲ್ಲ; ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಕನ್ನಡವನ್ನು ಮಾತ್ರ ಬಲ್ಲ ಮುದುಕನು ತಾನು ತೆರುವ ಕರದ ಅರ್ಥವನ್ನು ತಿಳಿಯಬೇಡವೆ? ಯಾವುದೇ ಕುಂದುಕೊರತೆಯ ನಿವಾರಣೆಗಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅರ್ಜಿಯನ್ನು ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆಯೆಂದು ಸಂವಿಧಾನದ ೩೫೦ನೆಯ ಅನುಚ್ಛೇದ ಸಾರುತ್ತದೆ. ಸಾರ್ವಜನಿಕ ಮಾಹಿತಿಯನ್ನು ಸಾರುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದು ೨೦೦೫ರ ಮಾಹಿತಿ ಹಕ್ಕು ಕಾಯಿದೆ ಹೇಳುತ್ತದೆ. ಅಕೋಲಾ ಜಿಲ್ಲೆಯ ಪಾತೂರ ನಗರಪರಿಷತ್ತಿನ ನಾಮಫಲಕದ ಮೇಲೆ ಮರಾಠಿಯ ಜೊತೆಗೆ ಉರ್ದುವನ್ನು ಬರೆದುದನ್ನು ಪ್ರಶ್ನಿಸಿದಾಗ, ಅದರಲ್ಲಿ ಕಾಯಿದೆಯ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಿತು. ರಾಜ್ಯಭಾಷೆಯ ಜೊತೆಗೆ ಜನರಿಗೆ ತಿಳಿಯುವ ಇನ್ನೊಂದು ಭಾಷೆಯನ್ನು ಬರೆದರೆ ರಾಜ್ಯಭಾಷೆಗೆ ಕುಂದಿಲ್ಲವೆಂಬುದೇ ಅದರ ಸಾರ.

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಬಳಸಲು ಕಲಿಸುವವರು ಬೇಕು. ಆ ಕೆಲಸ ನಮ್ಮದು. ಊರಿನ ಅಂದಾಜುಪತ್ರಕದ ಒಂದು ಪುಟವನ್ನು ಕನ್ನಡಕ್ಕೆ ತಿರುಗಿಸಿ ಶಾಲೆಯ ಗೋಡೆಗೆ ಹಚ್ಚುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಒಂದು ಹಾಳೆ, ಒಂದು ಸಂಜೆ ಸಾಕು.

ಪಾಠದ ಮರುದಿನ ಆ ಹುಡುಗನು ಪಟ್ಟಿಯ ಚೀಟಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿ ತಂದಿದ್ದನು. ನಾವು ಅದರ ಬಾಬುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹಲಗೆಯ ಮೇಲೆ ಬರೆದೆವು: ಮನೆಯ ಕರ, ದೀಪದ ಕರ, ನೈರ್ಮಲ್ಯದ ಕರ, ಗಿಡಮರಗಳ ಕರ. ಕೆಳಗಿನ ಸಾಲಿನಲ್ಲಿ ಶಿಕ್ಷಣ ಕರವೆಂದಿತ್ತು. ಅದು ಊರಿನ ಬೊಕ್ಕಸದಲ್ಲಿ ಉಳಿಯದೆ ರಾಜ್ಯ ಸರಕಾರಕ್ಕೆ ಸಂದಾಯವಾಗುತ್ತದೆಯೆಂದೂ, ಶಾಲೆಗಳನ್ನು ನಡೆಯಿಸುವುದಕ್ಕೆಂದೇ ಅದನ್ನು ಎತ್ತುತ್ತಾರೆಂದೂ ತಿಳಿಸಿದೆವು. ಹುಡುಗನು ಆ ಸಾಲನ್ನು ಬಹಳ ಹೊತ್ತು ನೋಡಿದನು.

“ಹಂಗಾದ್ರ ನಮ್ಮ ಸಾಲಿಗಿ ನಮ್ಮ ಅಜ್ಜಂದೂ ರೊಕ್ಕ ಅದ ಏನ್ರಿ ಸರ್?”

ಇದೆ ಎಂದೆವು. ಅವನು ಚೀಟಿಯನ್ನು ಮೊದಲಿನಂತೆಯೇ ಮಡಚಿ ಕಿಸೆಯಲ್ಲಿಟ್ಟುಕೊಂಡು, ಅಂದು ಸಂಜೆ ಅಜ್ಜನಿಗೆ ಓದಿ ಹೇಳುವೆನೆಂದು ನುಡಿದು ತನ್ನ ಜಾಗಕ್ಕೆ ಹೋಗಿ ಕುಳಿತನು.